ಬೆಂಕಿ ಆರಿಸುವವರ ಊರಿನಲ್ಲಿ ಎರಡು ದಿನ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಗೆ ಬಿದ್ದರೆ ಸ್ವಲ್ಪ ಹೊತ್ತಿಗೆಲ್ಲ ಬಲಗಡೆ ಗೋಪಾಲಸ್ವಾಮಿ ಬೆಟ್ಟ ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀವು ಈ ದಾರಿಯಲ್ಲಿ ಹೋಗಿದ್ದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ನಿಂತು ಫೋಟೊ ತೆಗೆಸಿಕೊಂಡಿರುತ್ತೀರಿ. ಫೆಬ್ರವರಿಯಲ್ಲಿ ಬನ್ನಿ, ಇದೇ ಊರು ಬೇರೆ ಥರ ಇರುತ್ತದೆ. ಹೊಲ ಖಾಲಿ. ಕಾಡು ಕಂದು. ತೇಗದ ಎಲೆಗಳೆಲ್ಲ ಉದುರಿ ನೆಲದ ಮೇಲೆ ಹಪ್ಪಳದ ಹಾಗೆ ಬಿದ್ದಿರುತ್ತವೆ, ಕಾಲಿಟ್ಟರೆ ಚರಪರ ಅನ್ನುತ್ತವೆ.

ನಮ್ಮ ಸೋದರಮಾವನ ಊರು ಹಂಗಳದ ಆಚೆ, ಬಂಡೀಪುರದ ಕಾಡಂಚಿನಲ್ಲಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಎಂದರೆ ಅಲ್ಲಿಗೇ. ಈಗ ಬೆಂಗಳೂರಲ್ಲಿ ಕೆಲಸ, ವರ್ಷಕ್ಕೊಂದು ಸಲ ಹೋದರೆ ಹೆಚ್ಚು. ಈ ಸಲ ಫೆಬ್ರವರಿಯ ಒಂದು ಶನಿವಾರ ಹೋದವನಿಗೆ ಒಂದು ಕಾರಣ ಇತ್ತು. ಮಾವನ ಪಕ್ಕದ ಮನೆಯವರು ಕಾಡಿನ ಬೆಂಕಿ ಕಾಯುವ ಕೆಲಸ ಮಾಡುತ್ತಾರೆ. ಫೈರ್ ವಾಚರ್. ಅವರ ಹೆಸರು ಇಲ್ಲಿ ಬೇಡ, ಯಾಕೆ ಬೇಡ ಅನ್ನುವುದು ಮುಂದೆ ಗೊತ್ತಾಗುತ್ತದೆ. ನಾನು ಅವರನ್ನು ಕರೆಯುವುದು 'ಅಣ್ಣ' ಅಂತ. ವಯಸ್ಸು 48. ಹದಿನಾಲ್ಕು ಬೇಸಿಗೆಗಳಿಂದ ಇದೇ ಕೆಲಸ. ಸಂಕ್ರಾಂತಿ ಆದ ಮೇಲೆ ಶುರು, ಮುಂಗಾರು ಪೂರ್ವದ ಮಳೆ ಬಿದ್ದ ಮೇಲೆ ಮುಗೀತು. ಉಳಿದ ತಿಂಗಳು ಕೂಲಿ, ಸ್ವಲ್ಪ ಹೊಲ, ಎರಡು ಹಸು.

"ಅವನಿಗೆ ಕೆಮ್ಮು ಜಾಸ್ತಿ ಆಗದೆ ಕಣೋ, ನೀನಾದ್ರೂ ಒಂದ್ಮಾತು ಹೇಳು" ಅಂತ ಮಾವ ಫೋನಿನಲ್ಲಿ ಹೇಳಿದ್ದರು. ನಾನೇನು ಡಾಕ್ಟರಲ್ಲ. ಆದರೆ ಮಾವ ನನಗೇ ಯಾಕೆ ಹೇಳಿದರು ಅಂತ ನನಗೆ ಗೊತ್ತಿತ್ತು.

2019ರ ಆ ಎರಡು ದಿನ

2019ರ ಫೆಬ್ರವರಿ ಕೊನೆಯ ವಾರ ನಿಮಗೆ ನೆನಪಿರಬಹುದು. ಬೆಂಗಳೂರಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. ಫೆಬ್ರವರಿ 23ರಂದು ಅಲ್ಲಿನ ಪಾರ್ಕಿಂಗ್ ಜಾಗದಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಆಫೀಸಿನಲ್ಲಿ ಎಲ್ಲರ ಫೋನಿನಲ್ಲೂ ಅದೇ ವಿಡಿಯೊ. ಅದೇ ಹೊತ್ತಿಗೆ ಇತ್ತ ಬಂಡೀಪುರ ಉರಿಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ವಲಯದಲ್ಲಿ ಗಾಳಿಗೆ ಸಿಕ್ಕ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹಾರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ತೂಗಿಸಿಕೊಂಡು ಬಂದು ನೀರು ಸುರಿದವು.

ಆಗ ನನಗೆ ಇಪ್ಪತ್ತನಾಲ್ಕು. ಬೆಂಗಳೂರು, ಮೈಸೂರಿನಿಂದ ಸ್ವಯಂಸೇವಕರು ಹೊರಟಿದ್ದರು. ಮಾವನ ಊರು ಬೇರೆ, ನಾನೂ ಹೊರಟೆ. ಜಿಮ್‌ಗೆ ಹಾಕುವ ಪಾಲಿಯೆಸ್ಟರ್ ಪ್ಯಾಂಟು, ಓಡುವ ಶೂ, ಮುಖಕ್ಕೊಂದು ಕರ್ಚೀಫು. ನನ್ನನ್ನು ನೋಡಿದ ಅಣ್ಣ ಮೊದಲು ಮಾಡಿದ ಕೆಲಸ ಎಂದರೆ ಮನೆಗೆ ಕರೆದುಕೊಂಡು ಹೋಗಿ ತಮ್ಮ ಹಳೇ ಹತ್ತಿಯ ಪ್ಯಾಂಟು ಕೊಟ್ಟದ್ದು. "ಈ ಪ್ಲಾಸ್ಟಿಕ್ ಬಟ್ಟೆ ಹಾಕ್ಕಂಡು ಬಂದ್ರೆ ಕಿಡಿ ಬಿದ್ದೇಟ್ಗೆ ಕರಗಿ ಚರ್ಮಕ್ಕೇ ಅಂಟ್ಕತದೆ ಕನಪ್ಪ." ಆ ಮಾತು ಎಷ್ಟು ಸರಿ ಅಂತ ಆಮೇಲೆ ಓದಿ ತಿಳಿದುಕೊಂಡೆ. ಹತ್ತಿ ಸುಡುತ್ತದೆ, ಪಾಲಿಯೆಸ್ಟರ್ ಕರಗುತ್ತದೆ.

ಎರಡು ದಿನ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೆವು. ನನ್ನಂಥವರನ್ನು ದೊಡ್ಡ ಜ್ವಾಲೆಯ ಹತ್ತಿರ ಬಿಡಲಿಲ್ಲ. ಬೆಂಕಿ ಹೋದ ಮೇಲೆ ಹೊಗೆಯಾಡುವ ಬೊಡ್ಡೆ, ಸಗಣಿ, ಬಿದಿರ ಮೆಳೆಗಳನ್ನು ಹುಡುಕಿ ಆರಿಸುವುದು ನಮ್ಮ ಪಾಲಿಗೆ. ಇದು ಸುಲಭದ ಕೆಲಸ, ಅಪಾಯ ಇಲ್ಲ ಅಂದುಕೊಂಡೆ. ಎರಡನೇ ದಿನ ಸಂಜೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಉಗುಳಿದರೆ ಕಪ್ಪು. ಬೆಂಗಳೂರಿಗೆ ಬಂದ ಮೇಲೆ ಮೂರು ವಾರ ಕೆಮ್ಮು. ರಾತ್ರಿ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು.

ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋದೆ. ಅವರು ಕೊಳವೆಗೆ ಊದಿಸಿ ಸ್ಪೈರೋಮೆಟ್ರಿ ಮಾಡಿದರು. "ಏನು ಕೆಲಸ?" ಅಂದರು. ಸಾಫ್ಟ್‌ವೇರ್ ಅಂದೆ. "ಮತ್ತೆ ಇದು ಹೇಗೆ?" ಅಂದರು. ಕಥೆ ಹೇಳಿದೆ. ಇನ್ಹೇಲರ್ ಬರೆದುಕೊಟ್ಟು, ಒಂದು ಪೀಕ್ ಫ್ಲೋ ಮೀಟರ್ ಕೊಂಡುಕೊಳ್ಳಲು ಹೇಳಿದರು. ಅದೊಂದು ಪ್ಲಾಸ್ಟಿಕ್ ಕೊಳವೆ, ಮೇಲೆ ಅಳತೆಪಟ್ಟಿಯಂಥ ಗೆರೆಗಳು. ಉಸಿರು ತುಂಬಿಕೊಂಡು ಜೋರಾಗಿ ಒಮ್ಮೆ ಊದಿದರೆ ಮುಳ್ಳು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಒಂದೂವರೆ ತಿಂಗಳಿಗೆ ನನ್ನ ಅಂಕಿ ಮೇಲೆ ಬಂತು, ನಾನು ಅದನ್ನು ಮರೆತೆ.

ಎರಡು ದಿನ ಹೋಗಿದ್ದವನಿಗೆ ಇಷ್ಟೆಲ್ಲ ಆರೈಕೆ. ಹದಿನಾಲ್ಕು ಬೇಸಿಗೆ ಹೋದವರು ಇವತ್ತಿಗೂ ಒಂದು ಸಲ ಊದಿಲ್ಲ. ಮಾವನ ಫೋನು ಬಂದಾಗ ನನಗೆ ಮೊದಲು ಹೊಳೆದದ್ದು ಇದು. ಡ್ರಾಯರ್‌ನಲ್ಲಿದ್ದ ಮೀಟರನ್ನು ತೊಳೆದು, ಬಿಸಾಡುವ ರಟ್ಟಿನ ಕೊಳವೆಗಳ ಒಂದು ಪೊಟ್ಟಣ ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಕಾಡಂಚಿನ ಗೆರೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಅಣ್ಣ ನನ್ನನ್ನು ಊರಾಚೆ ಕರೆದುಕೊಂಡು ಹೋದರು. ಕಾಡಿನ ಒಳಗೆ ನಮ್ಮಂಥವರು ಹೋಗುವಂತಿಲ್ಲ, ಹೊಲದ ಬದುವಿನ ಮೇಲೆ ನಿಂತೇ ತೋರಿಸಿದರು. ಕಾಡು ಶುರುವಾಗುವ ಕಡೆ ಅಗಲವಾದ ಒಂದು ಪಟ್ಟಿ, ಹುಲ್ಲು ಪೊದೆ ಇಲ್ಲದೆ ಕಪ್ಪಗೆ ಸುಟ್ಟ ನೆಲ. ಇದೇ ಫೈರ್ ಲೈನ್. ಬೇಸಿಗೆಗೆ ಮೊದಲೇ ಪೊದೆ ಕಡಿದು, ಒಣಗಿಸಿ, ನಿಗಾ ಇಟ್ಟು ಸುಡುತ್ತಾರೆ. ಬೆಂಕಿ ಬಂದರೆ ಇಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು.

"ಈ ಲಾಂಟಾನ ಅದೆ ನೋಡು, ಇದು ಬಂದ್ಮೇಲೆ ಕಷ್ಟ ಜಾಸ್ತಿ ಆಯ್ತು. ಹುಲ್ಲು ಉರುದ್ರೆ ಮೊಣಕಾಲುದ್ದ. ಇದು ಉರುದ್ರೆ ತಲೆ ಮ್ಯಾಕೆ." ಬಿದಿರು ಸಿಡಿಯುವ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದರು, ಥೇಟ್ ದೀಪಾವಳಿ. ಆಮೇಲೆ ಗುಡ್ಡದ ಕಡೆ ಕೈ ಮಾಡಿ, "ಬೆಂಕಿ ಏರು ಹತ್ತೋವಾಗ ಓಡ್ತದೆ, ಇಳಿಯೋವಾಗ ನಡೀತದೆ. ಅದ್ಕೇ ಯಾವತ್ತೂ ಬೆಂಕಿಗಿಂತ ಮ್ಯಾಲೆ ನಿಂತ್ಕಬಾರ್ದು" ಅಂದರು.

ಇದಕ್ಕೊಂದು ಲೆಕ್ಕವೇ ಇದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಮೇಲಕ್ಕೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನುವುದು ಬೆಂಕಿ ತಜ್ಞರ ಸ್ಥೂಲ ನಿಯಮ. ಜ್ವಾಲೆ ಮೇಲಕ್ಕೆ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ, ಅದಕ್ಕೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿ ಬೆಂಕಿಗೆ ಸಿಕ್ಕಿದವರು ನಮ್ಮ ವಯಸ್ಸಿನವರೇ. 20ಕ್ಕೂ ಹೆಚ್ಚು ಜನ ಹೋದರು.

ಆರಿಸುವ ಕೆಲಸಕ್ಕೇ ಹೋದವರೂ ಉಳಿಯದೇ ಇದ್ದದ್ದುಂಟು. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕ ಬೆಂಕಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಸಿಬ್ಬಂದಿಯಲ್ಲಿ ಒಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಕಲ್ಕೆರೆಯ ಮಾತು ಬಂದಾಗ ಅಣ್ಣ ಬದುವಿನ ಮೇಲೆ ಕೂತರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಅವರ ಪಟ್ಟಿ, ನನ್ನ ಪಟ್ಟಿ

ನಮ್ಮ ಕೆಲಸದಲ್ಲಿ ಯಾವುದೇ ಪ್ರಾಜೆಕ್ಟಿಗೆ ಮೊದಲು ಒಂದು ರಿಸ್ಕ್ ಶೀಟ್ ಮಾಡುತ್ತೇವೆ. ಏನು ಕೆಡಬಹುದು, ಎಷ್ಟು ಸಲ ಕೆಡಬಹುದು, ಕೆಟ್ಟರೆ ಎಷ್ಟು ನಷ್ಟ. ಮೂರು ಕಾಲಂ. ಅಲ್ಲೇ ಫೋನು ತೆಗೆದು ಅಣ್ಣನನ್ನು ಕೇಳಿದೆ, "ನಿಮ್ಮ ಕೆಲಸದಲ್ಲಿ ಅಪಾಯ ಯಾವ್ಯಾವುದು, ದೊಡ್ಡದರಿಂದ ಹೇಳಿ."

ಅವರು ಯೋಚನೆ ಮಾಡಲೇ ಇಲ್ಲ. "ಮೊದ್ಲು ಆನೆ." ಹೊಗೆಗೆ ದಾರಿ ತಪ್ಪಿದ ಆನೆ ಯಾವ ಕಡೆಯಿಂದ ಬರುತ್ತದೆ ಗೊತ್ತಾಗಲ್ಲ. ಆಮೇಲೆ ಬೆಂಕಿ. ಮೂರನೆಯದು ಒಣಮರ, ಒಳಗೇ ಉರಿದು ಟೊಳ್ಳಾಗಿ ಮಾರನೇ ದಿನ ಸದ್ದಿಲ್ಲದೆ ಬೀಳುವಂಥದ್ದು. ನಾಲ್ಕನೆಯದು ಬಾಯಾರಿಕೆ. ಐದನೆಯದು ಹಾವು. ಅಷ್ಟೇ.

"ಹೊಗೆ?"

"ಹೊಗೆ ಕುಡುದ್ರೆ ಏನಾಯ್ತದೆ ಕನಪ್ಪ. ಒಲೆ ಮುಂದೆ ನಮ್ಮವ್ವ ಜೀವಮಾನ ಎಲ್ಲ ಕುಡೀನಿಲ್ವ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರ ಪಟ್ಟಿ ತಪ್ಪು ಅಂತ ಹೇಳುವಂತೆಯೂ ಇಲ್ಲ. ಇವತ್ತು ಸಂಜೆ ಮನೆಗೆ ವಾಪಸ್ ಬರಬೇಕಾದವರ ಪಟ್ಟಿ ಅದು. ಆನೆ, ಬೆಂಕಿ, ಮರ ಎಲ್ಲವೂ ಇವತ್ತೇ ಕೊಲ್ಲುವಂಥವು. ಹೊಗೆ ಇವತ್ತು ಕೊಲ್ಲುವುದು ಅಪರೂಪ. ಅದರ ಲೆಕ್ಕ ಬರುವುದು ಹತ್ತು ವರ್ಷದ ಮೇಲೆ, ಅಷ್ಟು ಹೊತ್ತಿಗೆ ಅದು ಕಾಡಿನದ್ದೋ ಬೀಡಿಯದ್ದೋ ಒಲೆಯದ್ದೋ ಯಾರಿಗೆ ಗೊತ್ತು. ಹಾಗಾಗಿ ಅದು ಯಾರ ಪಟ್ಟಿಗೂ ಹತ್ತುವುದಿಲ್ಲ.

ನನ್ನ ಪಟ್ಟಿಯಲ್ಲಿ ಹೊಗೆಯನ್ನು ಎರಡು ಸಾಲಿನಲ್ಲಿ ಬರೆದುಕೊಂಡೆ.

ಮೊದಲನೆಯದು ಇಂಗಾಲದ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಹೋದರೆ ತಲೆನೋವು, ವಾಕರಿಕೆ. ಇನ್ನೂ ಹೋದರೆ ಮಂಕು ಕವಿಯುತ್ತದೆ, ಯಾವ ಕಡೆ ಓಡಬೇಕು ಅಂತ ಸರಿಯಾಗಿ ತೋಚುವುದಿಲ್ಲ. ಅಂದರೆ ಅಣ್ಣನ ಪಟ್ಟಿಯ ಆನೆ, ಬೆಂಕಿ, ಮರ ಈ ಮೂರನ್ನೂ ಇದು ಹೆಚ್ಚು ಅಪಾಯಕಾರಿ ಮಾಡುತ್ತದೆ. ಅದಕ್ಕೇ ನಾನು ಇದನ್ನು ಮೇಲಕ್ಕೆ ಹಾಕಿದೆ.

ಎರಡನೆಯದು ಸಣ್ಣ ಕಣ. ಬೆಂಗಳೂರು, ದೆಹಲಿಯ ಗಾಳಿಯ ಸುದ್ದಿಯಲ್ಲಿ ಪಿಎಂ 2.5 ಅಂತ ಓದುತ್ತೀರಲ್ಲ, ಅದೇ. ಕೂದಲೆಳೆಯ ದಪ್ಪದ ಇಪ್ಪತ್ತು ಮೂವತ್ತನೇ ಒಂದು ಪಾಲು. ಮೂಗಿನಲ್ಲಿ, ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ದಿನದ ಸರಾಸರಿ ಒಂದು ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ನಮ್ಮ ದೇಶದ ಮಿತಿ 60. ಬೆಂಕಿಯ ಹೊಗೆಯ ನಡುವೆ ನಿಂತವನಿಗೆ ಈ ಅಂಕಿಗಳು ಯಾವ ಲೆಕ್ಕಕ್ಕೂ ಇಲ್ಲ.

ಇದರ ಮೇಲೆ ಇನ್ನೊಂದು. ನಾನು ಕುರ್ಚಿಯಲ್ಲಿ ಕೂತು ಕೋಡ್ ಬರೆಯುವಾಗ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇನೆ. ಗುಡ್ಡ ಹತ್ತುತ್ತಾ ಸೊಪ್ಪು ಬಡಿಯುವವರು 40, 50 ಲೀಟರ್ ಎಳೆಯುತ್ತಾರೆ. ಹೊಗೆ ಒಂದೇ ಆದರೂ ಒಳಗೆ ಹೋಗುವ ಪಾಲು ಐದಾರು ಪಟ್ಟು. ಬೆಂಕಿ ಆರಿದ ಮೇಲೆ ಬೊಡ್ಡೆ ಆರಿಸುವ 'ಸುಲಭದ' ಕೆಲಸದಲ್ಲಿ ಹೊಗೆ ಕಡಿಮೆ ಅಂತ 2019ರಲ್ಲಿ ನಾನು ನಂಬಿದ್ದೆನಲ್ಲ, ಅದೂ ಸುಳ್ಳು. ಜ್ವಾಲೆ ಇಲ್ಲದೆ ಅರೆಬೆಂದು ಹೊಗೆಯಾಡುವಾಗಲೇ ಮಾನಾಕ್ಸೈಡ್ ಹೆಚ್ಚು ಹುಟ್ಟುತ್ತದೆ. ಅಲ್ಲಿ ಬಗ್ಗಿ ಗಂಟೆಗಟ್ಟಲೆ ನಿಂತಿರುತ್ತೇವೆ ಬೇರೆ. ರಾತ್ರಿ ತಂಪಾದ ಗಾಳಿ ಕೆಳಗೆ ಕೂತು ಹೊಗೆಯನ್ನು ಹಳ್ಳದಲ್ಲೇ ಹಿಡಿದಿಡುತ್ತದೆ. ರಾತ್ರಿ ಪಾಳಿಯವರು ಮಲಗುವುದೂ ಅಲ್ಲೇ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಹೊಗೆ ಇರುವ ಗುಂಪು ಅದು. ಹಾಗೆಂದು ಎರಡರ ಅಪಾಯ ಒಂದೇ ಸಮ ಅಂತ ಅರ್ಥ ಅಲ್ಲ. ಪುರಾವೆ ಅಷ್ಟು ಗಟ್ಟಿ ಇದೆ ಅಂತ ಅರ್ಥ.

ಬಾಯಾರಿಕೆಯನ್ನು ಅಣ್ಣ ಪಟ್ಟಿಯಲ್ಲಿ ಹಾಕಿದ್ದು ನೋಡಿ ಖುಷಿಯಾಯ್ತು. ಈ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಹೋಗಬಹುದು. ಮೈ ಬಿಸಿಯಾಗುವುದು ಬರೀ ಬೆಂಕಿಯಿಂದಲ್ಲ, ದುಡಿಯುವ ಸ್ನಾಯುಗಳೇ ಹೆಚ್ಚಿನ ಶಾಖ ಹುಟ್ಟಿಸುತ್ತವೆ. ನೀರು ಸಾಲದೆ ಹೋದರೆ ಹೃದಯ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಅಮೆರಿಕದಲ್ಲಿ ಕಾಡಿನ ಬೆಂಕಿ ಆರಿಸುವಾಗ ಸಾಯುವವರಲ್ಲಿ ಹೃದಯಾಘಾತದಿಂದ ಹೋಗುವವರು ಸಣ್ಣ ಸಂಖ್ಯೆಯಲ್ಲಿಲ್ಲ. ಸುಟ್ಟಗಾಯ ಒಂದೇ ಅಪಾಯ ಅಂದುಕೊಂಡಿದ್ದ ನನಗೆ ಇದು ಹೊಸದು.

"ಮತ್ತೆ ಮುಖಕ್ಕೆ ಒದ್ದೆ ಟವಲ್ ಕಟ್ಕತೀವಲ್ಲ?" ಅಂದರು ಅಣ್ಣ. ಬೂದಿಯನ್ನು, ಬಿಸಿಯನ್ನು ಒಂದಿಷ್ಟು ತಡೆಯಬಹುದು. ಸಣ್ಣ ಕಣ ಬಟ್ಟೆಯ ನೇಯ್ಗೆಯಲ್ಲಿ ಸಲೀಸಾಗಿ ನುಸುಳುತ್ತದೆ. ಕೋವಿಡ್ ಕಾಲದ ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ಕಣ ತಡೆಯುತ್ತದೆ, ಮಾನಾಕ್ಸೈಡ್ ತಡೆಯುವುದಿಲ್ಲ. ಅದನ್ನು ಹಾಕಿಕೊಂಡು ಬಿಸಿಲಲ್ಲಿ ಗುಡ್ಡ ಹತ್ತುವುದೂ ಕಷ್ಟ. ಮಾಸ್ಕ್ ಹಾಕಿದ್ದೀನಿ ಅನ್ನುವ ಧೈರ್ಯಕ್ಕೆ ಹೊಗೆಯೊಳಗೆ ಹೆಚ್ಚು ಹೊತ್ತು ನಿಂತರೆ ಮಾಡಿದ್ದೆಲ್ಲ ವ್ಯರ್ಥ. ಹೊಗೆಯಿಂದ ಆಗಾಗ ಆಚೆ ಬರುವುದು, ಪಾಳಿ ಬದಲಿಸುವುದು, ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ಹೊಗೆ ಇಲ್ಲದ ಕಡೆ ಮಲಗುವುದು, ಇವೇ ಹೆಚ್ಚು ಉಪಯೋಗ.

ಇನ್ನೊಂದು ವಿಷಯ ಅಣ್ಣನಿಗೆ ಹೇಳಿದೆ. ಅಮೆರಿಕದಲ್ಲಿ ಇದೇ ಕೆಲಸ ಮಾಡುತ್ತಿದ್ದ ಪಾಲ್ ಗ್ಲೀಸನ್ ಅನ್ನುವವರು 1991ರಲ್ಲಿ ನಾಲ್ಕು ಮಾತು ಬರೆದಿಟ್ಟರು: ಬೆಂಕಿ ನೋಡುತ್ತಾ ನಿಲ್ಲಲು ಒಬ್ಬ ಇರಬೇಕು, ಎಲ್ಲರ ನಡುವೆ ಮಾತು ಇರಬೇಕು, ಓಡಲು ದಾರಿ ಇರಬೇಕು, ಓಡಿ ಹೋಗಿ ಸೇರಲು ಸುಟ್ಟು ಮುಗಿದ ಜಾಗ ಇರಬೇಕು. ಕೇಳಿಸಿಕೊಂಡ ಅಣ್ಣ ನಕ್ಕರು. "ಇದ್ನ ನಮ್ಗೆ ನಮ್ಮ ಮೇಸ್ತ್ರಿ ಹೇಳ್ಕೊಟ್ಟವ್ರೆ. ಕರ್ರಗಿರೋ ಕಡೆ ಓಡ್ಬುಡು ಅಂತ."

ಉಪಗ್ರಹದ ಕಣ್ಣು

ಗೋಪಾಲಸ್ವಾಮಿ ಬೆಟ್ಟಕ್ಕೆ ಮಧ್ಯಾಹ್ನ ಹೋದೆವು. ಖಾಸಗಿ ಗಾಡಿ ಮೇಲೆ ಬಿಡುವುದಿಲ್ಲ, ಬುಡದಿಂದ ಸಾರಿಗೆ ಬಸ್ಸಿನಲ್ಲೇ ಹೋಗಬೇಕು. 1,454 ಮೀಟರ್ ಎತ್ತರ. ಮಂಜಿನ ಕಾಲದಲ್ಲಿ ದೇವಸ್ಥಾನದ ಗೋಪುರವೇ ಕಾಣದ ಜಾಗ, ಆವತ್ತು ನಾಲ್ಕೂ ದಿಕ್ಕು ಬೋಳು. ಅಣ್ಣ ದೇವರಿಗೆ ಕೈ ಮುಗಿದು ಬಂದು, 2019ರಲ್ಲಿ ಬೆಂಕಿ ಹಾರಿದ ಗುಡ್ಡಗಳನ್ನು ಒಂದೊಂದಾಗಿ ತೋರಿಸಿದರು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ನಿಂತದ್ದು ನನಗೆ ನೋಟ ತೋರಿಸಲು ಅನ್ನುವ ಹಾಗೆ ನಿಂತರು.

ನಾನು ಫೋನಿನಲ್ಲಿ ಬೆಂಕಿಯ ನಕ್ಷೆ ತೆರೆದು ತೋರಿಸಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಕಾಡಿನ ಬೆಂಕಿಯ ಎಚ್ಚರಿಕೆಯನ್ನು ರಾಜ್ಯಗಳಿಗೆ, ಸಿಬ್ಬಂದಿಯ ಮೊಬೈಲಿಗೂ ಕಳಿಸುತ್ತದೆ. ಇದರಲ್ಲಿ ಬಳಸುವ ಒಂದು ಸಂವೇದಕದ ಚುಕ್ಕಿ ಎಂದರೆ ನೆಲದ ಮೇಲೆ 375 ಮೀಟರ್ ಚೌಕ, ಅಂದರೆ ಸುಮಾರು 35 ಎಕರೆ. ಅದು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಯಾರೋ ಬೀಡಿ ಎಸೆದರೆ ಅದರ ಕಣ್ಣಿಗೆ ಬೀಳುವಷ್ಟರಲ್ಲಿ ಸಂಜೆಯ ಗಾಳಿ ತನ್ನ ಕೆಲಸ ಮುಗಿಸಿರಬಹುದು. ಅಷ್ಟರಲ್ಲಿ ಹೊಗೆ ನೋಡಿ ಓಡುವುದು ಅಣ್ಣನಂಥವರೇ.

ನನಗೆ ಕಾಡಿದ್ದು ಬೇರೆ. ಕಾಡು ಎಲ್ಲಿ ಎಷ್ಟು ಸುಟ್ಟಿತು ಅಂತ ಮೇಲಿನಿಂದ ಅಳೆಯುತ್ತೇವೆ. ಆರಿಸಿದವರ ಒಳಗೆ ಎಷ್ಟು ಹೊಗೆ ಹೋಯಿತು ಅಂತ ಅಳೆಯಲು ಒಂದು ಪ್ಲಾಸ್ಟಿಕ್ ಕೊಳವೆ ಸಾಕು, ಅದು ಏಳು ವರ್ಷ ನನ್ನ ಡ್ರಾಯರಿನಲ್ಲಿತ್ತು.

330

ರಾತ್ರಿ ಊಟ ಅಣ್ಣನ ಮನೆಯಲ್ಲೇ. ಮುದ್ದೆ, ಅವರೆಕಾಳು ಸಾರು. ಊಟ ಆಗಿ ಒಂದು ಗಂಟೆ ಬಿಟ್ಟು ಮೀಟರ್ ತೆಗೆದೆ. ಮೊದಲು ನಾನು ಊದಿದೆ, 560. ಅಣ್ಣನ ಪಿಯುಸಿ ಓದುವ ಮಗಳು ಊದಿದಳು, ಅವಳಿಗೆ ಇದೊಂದು ಆಟ. ಆಮೇಲೆ ಅಣ್ಣ. ಕೊಳವೆ ಬದಲಿಸಿ ಕೊಟ್ಟೆ. 310. "ಜೋರಾಗಿ ಊದ್ಲಿಲ್ಲ" ಅಂತ ಮಗಳು. ಎರಡನೇ ಸಲ 330. ಮೂರನೇ ಸಲ ಊದುವಾಗ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ.

ಅವರ ಎತ್ತರ, ವಯಸ್ಸಿಗೆ ಚಾರ್ಟಿನಲ್ಲಿ 500ರ ಆಸುಪಾಸು ಇರಬೇಕಿತ್ತು. ನಾನು ಸುಮ್ಮನಿದ್ದೆ. ಮಗಳು ಚಾರ್ಟು ಓದಿಬಿಟ್ಟಳು.

ಒಂದು ಊದಿನಿಂದ ರೋಗ ಹೇಳಲು ಆಗುವುದಿಲ್ಲ, ಇದು ಬರೀ ಒಂದು ಸೂಚನೆ. ಸರಿಯಾದ ಸ್ಪೈರೋಮೆಟ್ರಿ ಆಗಬೇಕು, ಎದೆಯ ಎಕ್ಸ್‌ರೇ ಆಗಬೇಕು, ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಇದನ್ನೆಲ್ಲ ಹೇಳಿ, "ಅಣ್ಣ, ಮೈಸೂರಿಗೆ ಹೋಗೋಣ, ನಾಳೆ ಬೇಕಾದರೆ ರಜ ಹಾಕ್ತೀನಿ" ಅಂದೆ.

"ಈಗ ಬ್ಯಾಡ."

ಅಕ್ಕ ಒಳಗಿನಿಂದ, "ರಾತ್ರಿ ಎದ್ದು ಕೂತ್ಕತರೆ ಕನಪ್ಪ, ಮನಿಕಳಕ್ಕೇ ಆಗಲ್ಲ" ಅಂದರು. ಅಣ್ಣ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು.

"ನೋಡು ಕೂಸು. ಡಾಕ್ಟ್ರು ಏನೋ ಅದೆ ಅಂತ ಬರ್ದು ಕೊಟ್ರು ಅನ್ಕೊ. ನಾಳಿಕೆ ಅದು ಗೊತ್ತಾದ್ರೆ, ಇವ್ನ ಕೈಲಿ ಆಗಲ್ಲ, ಬ್ಯಾರೆಯವ್ರ ಕರ್ಕಳನ ಅಂತಾರೆ. ಈ ನಾಕ್ ತಿಂಗ್ಳ ದುಡ್ಡು ಇವಳ ಫೀಜಿಗೆ."

ಹಾಗಂತ ಅವರಿಗೆ ಯಾರೂ ಹೇಳಿಲ್ಲ. ಅದು ಅವರ ಭಯ. ಆದರೆ ಆ ಭಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ನನಗೆ ಹೆಲ್ತ್ ಚೆಕಪ್ ಮಾಡಿಸುತ್ತಾರೆ. ಏನಾದರೂ ಕಂಡರೆ ರಜ ಕೊಡುತ್ತಾರೆ, ವಿಮೆ ಇದೆ. ಕಾಯಿಲೆ ಗೊತ್ತಾಗುವುದು ನನಗೆ ಲಾಭ. ಅಣ್ಣನಿಗೆ ಗೊತ್ತಾಗುವುದೇ ನಷ್ಟ. ಬೆಳಿಗ್ಗೆ ಬದುವಿನ ಮೇಲೆ ಕೂತು ಮಾಡಿದ ಪಟ್ಟಿಯಲ್ಲಿ ಅವರು ಈ ಅಪಾಯವನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಬೆಂಕಿ ಆರಿಸುವವರ ಆರೋಗ್ಯ ತಪಾಸಣೆ ಅಂತ ಯಾರಾದರೂ ಮಾಡುವುದಾದರೆ ಮೊದಲು ಈ ಸಾಲು ಬರೆಯಬೇಕು. ತಪಾಸಣೆಯಲ್ಲಿ ಏನೇ ಬಂದರೂ ಆ ಬೇಸಿಗೆಯ ಕೂಲಿ ಹೋಗಬಾರದು, ಹೊಗೆ ಇಲ್ಲದ ಕಡೆ ಕೆಲಸ ಸಿಗಬೇಕು. ಕಾವಲು ಗೋಪುರದಲ್ಲಿ ಕೂತು ನೋಡುವವರು ಬೇಕು, ವಾಕಿ ಟಾಕಿ ಹಿಡಿಯುವವರು ಬೇಕು. ಹದಿನಾಲ್ಕು ವರ್ಷ ಗಾಳಿ ನೋಡಿದವರಿಗಿಂತ ಅದಕ್ಕೆ ಬೇರೆ ಯಾರು ಬೇಕು? ಇಲ್ಲದಿದ್ದರೆ ಯಾರೂ ಊದುವುದಿಲ್ಲ.

"ಬೀಡಿನಾದ್ರೂ ಬಿಡಿ ಅಣ್ಣ" ಅಂದೆ. ಅದಕ್ಕೆ ಅವರು, "ಅದೇ ಸೈ. ಬೀಡಿದು ಅಂತ ಬರ್ಕೊ" ಅಂದು ನಕ್ಕರು. ನಾನು ನಗಲಿಲ್ಲ. ಬೀಡಿಯ ಪಾಲೂ ಅದರಲ್ಲಿ ಇದ್ದೇ ಇದೆ. ಅದನ್ನೇ ನೆಪ ಮಾಡಿ ಕಾಡಿನ ಪಾಲನ್ನು ಅಳಿಸಿಹಾಕುವುದು ಎಷ್ಟು ಸುಲಭ ಅಂತ ಆಗ ಅನ್ನಿಸಿತು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯುಗಾದಿ ಕಳೆದ ಮೇಲೆ ಮೈಸೂರಿಗೆ, ನಾನೇ ಬಂದು ಕರೆದುಕೊಂಡು ಹೋಗುವುದು, ಊರಲ್ಲಿ ಯಾರಿಗೂ ಹೇಳದೆ. ಅಲ್ಲಿಯವರೆಗೆ ಮೀಟರ್ ಅವರ ಮನೆಯಲ್ಲೇ ಇರುವುದು. ಪ್ರತಿ ಭಾನುವಾರ ಬೆಳಿಗ್ಗೆ ಊದಿ, ಮಗಳು ನನಗೆ ಅಂಕಿ ವಾಟ್ಸಾಪ್ ಮಾಡುವುದು. 250ಕ್ಕಿಂತ ಕೆಳಗೆ ಬಂದರೆ, ಅಥವಾ ಕೂತಲ್ಲೇ ಉಸಿರು ಕಟ್ಟಿದರೆ, ಯಾವ ಮಾತೂ ಇಲ್ಲದೆ ಅವತ್ತೇ ಆಸ್ಪತ್ರೆ. ಈ ಕೊನೆಯ ಸಾಲು ಅಕ್ಕನದು.

ನಾವು ಮಾಡಬಹುದಾದದ್ದು

ಈ ದಾರಿಯಲ್ಲಿ ಹೋಗುವವರಿಗೆ ಒಂದೆರಡು ಮಾತು. ಬಂಡೀಪುರದಲ್ಲಿ ಬೆಂಕಿ ತಾನಾಗೇ ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚಿನದು ಮನುಷ್ಯರದೇ ಕೆಲಸ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ, ಸಿಗರೇಟು ಎಸೆಯಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಕಾಡಿನ ಚಾರಣ ಬೇಡ. ದೂರದಲ್ಲಿ ಹೊಗೆ ಕಂಡರೆ ವಿಡಿಯೊ ಮಾಡುವ ಮೊದಲು ಹತ್ತಿರದ ಚೆಕ್‌ಪೋಸ್ಟಿಗೆ ಹೇಳಿ.

ನನ್ನ ಹಾಗೆ ಉತ್ಸಾಹದಲ್ಲಿ ಸ್ವಯಂಸೇವಕರಾಗಿ ಹೊರಡುವ ಮುಂಚೆ, ಬರಬಹುದಾ ಅಂತ ಕೇಳಿ. ಹೇಳಿದ ಕಡೆ ಮಾತ್ರ ನಿಲ್ಲಿ. ಹತ್ತಿ ಬಟ್ಟೆ, ಗಟ್ಟಿ ಬೂಟು, ನಿಮ್ಮ ಪಾಲಿನ ನೀರು. ಅಸ್ತಮಾ, ಹೃದಯದ ತೊಂದರೆ ಇರುವವರು ಹೋಗಲೇಬೇಡಿ. ನೀರು, ಊಟ, ಓಆರ್‌ಎಸ್ ಪೊಟ್ಟಣ ತಲುಪಿಸುವುದೂ ಸಣ್ಣ ಸಹಾಯ ಅಲ್ಲ. ತಲೆನೋವು, ವಾಕರಿಕೆ ಶುರುವಾದರೆ ಅದು ಸುಸ್ತು ಅಂತ ತಳ್ಳಿಹಾಕದೆ ಹೊಗೆಯಿಂದ ಆಚೆ ಬನ್ನಿ.

ಬೆಂಗಳೂರಿಗೆ ಬಂದ ಮೇಲೆ ಭಾನುವಾರಗಳು ಬದಲಾಗಿವೆ. ಎದ್ದ ಕೂಡಲೇ ಫೋನು ನೋಡುತ್ತೇನೆ. ಮೊದಲ ವಾರ 330. ಎರಡನೇ ವಾರ 340, ಜೊತೆಗೊಂದು ನಗುವ ಮುಖ. ಮೂರನೇ ವಾರ 320.

ಕಳೆದ ಭಾನುವಾರ ಹತ್ತು ಗಂಟೆಯಾದರೂ ಮೆಸೇಜು ಬರಲಿಲ್ಲ. ನಾನೇ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಅಪ್ಪ ನೆನ್ನೆ ರಾತ್ರಿ ಹೋದ್ರು ಅಣ್ಣ. ಬೆಂಕಿ ಬಿದ್ದಿದೆಯಂತೆ. ಬಂದ ಮೇಲೆ ಊದಿಸ್ತೀನಿ."

ಸಂಜೆ ಆರೂವರೆಗೆ ಅಂಕಿ ಬಂತು. 290.

ಯುಗಾದಿಗೆ ಇನ್ನು ಹತ್ತು ದಿನ ಇದೆ. ನಾನು ಅದಕ್ಕೂ ಮೊದಲೇ, ಈ ಶುಕ್ರವಾರ ರಾತ್ರಿ ಹೊರಡುತ್ತಿದ್ದೇನೆ. ಅಣ್ಣನಿಗೆ ಹೇಳಿಲ್ಲ. ಅಕ್ಕನಿಗೆ ಹೇಳಿದ್ದೇನೆ.